ಹಾಲು ಬಂದರೆ ಕವಳೆ

ಆಕೆಯ ಬಲಗೈ ಹೆಬ್ಬೆರಳಿನ ಉಗುರು ಉದ್ದ, ಕರ್ರಗೆ. ಕವಳೆ ಗಿಡದ ಹಾಲು ತಾಗಿ, ಅದರ ಮೇಲೆ ಹಿಂಜಿದ ಹತ್ತಿಯ ಎಳೆ ಅಂಟಿ, ಬೆರಳಿಗೇ ಗಡ್ಡ ಬಂದ ಹಾಗೆ ಕಾಣುತ್ತಿತ್ತು. ಜಗಳೂರಿನಲ್ಲಿ ನಮ್ಮ ಹಿತ್ತಿಲ ಗೋಡೆಯಾಚೆ ಇದ್ದವಳು, ಹತ್ತಿ ಹಿಂಜಿ ಹಾಸಿಗೆ ತುಂಬುವ ಪಿಂಜಾರರ ಮನೆಯಾಕೆ. ಬೀದಿಗೆಲ್ಲ ದೊಡ್ಡವ್ವ. ನನಗೂ ದೊಡ್ಡವ್ವ.

ನಾನು ಸಾಸ್ವೆಹಳ್ಳಿಯವಳು, ಹೊಳೆದಂಡೆಯವಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಮದುವೆಯಾಗಿ ಬಂದಾಗ ನನಗೆ ಮುಳ್ಳಿದ್ದದ್ದೆಲ್ಲ ಒಂದೇ ಗಿಡ. ಮೊದಲ ಮಳೆಗೆ ಅತ್ತೆ ಉಪ್ಪಿನಕಾಯಿಗೆ ಕವಳೆಕಾಯಿ ತರಲು ಕಳಿಸಿದಳು. ಬುಟ್ಟಿ ತುಂಬ ತಂದೆ. ಅರ್ಧ ಕವಳೆ, ಅರ್ಧ ಕಾರೆ. ಎರಡೂ ಹಸಿರು, ಎರಡೂ ಗೋಲಿಯಷ್ಟು. ಅತ್ತೆಯ ಕಣ್ಣು ಮಂಜು, ಹಾಗೇ ಉಪ್ಪಿಗೆ ಹಾಕಿದಳು. ಎಂಟು ದಿನಕ್ಕೆ ಗಡಿಗೆ ತೆರೆದಾಗ ಮಾವ ಒಂದು ಕಚ್ಚಿ, ಉಗಿದು, ಊಟ ಬಿಟ್ಟು ಎದ್ದರು. ವರ್ಷದ ಉಪ್ಪಿನಕಾಯಿ ತಿಪ್ಪೆಗೆ ಹೋಯಿತು.

"ಕವಳೆ ಯಾವ್ದು, ಕಾರೆ ಯಾವ್ದು ಗೊತ್ತಿಲ್ದೋಳ್ನ ಮನ್ಯಾಗೆ ಇಟ್ಕಂಡು ಏನ್ ಮಾಡಾಕೆ?" ಎಂದಳು ಅತ್ತೆ. "ನಾಳೆ ಇನ್ನೊಂದು ಬುಟ್ಟಿ ತಾ. ಅದ್ರಾಗೆ ಒಂದೇ ಒಂದು ಕಾರೆಕಾಯಿ ಸಿಗ್ಲಿ, ಇದ್ದಿಲಿನಾಗೆ ಓಡೋ ಬಸ್ಸು ಹತ್ತಿಸಿ ತವರಿಗೆ ಕಳಿಸ್ತೀನಿ."

ಬರೀ ಗದರಿಕೆಯಲ್ಲ. ಹಿರಿಯ ಸೊಸೆ ಹಾಗೇ ಹೋಗಿ ವರ್ಷವಾಗಿತ್ತು. ಕರೆಯಲು ಯಾರೂ ಹೋಗಿರಲಿಲ್ಲ.

ಗೋಡೆಯಾಚೆ ಹತ್ತಿ ಹಿಂಜುವ ಬಿಲ್ಲಿನ ಸದ್ದು ನಿಂತಿತ್ತು. ದೊಡ್ಡವ್ವ ಎಲ್ಲ ಕೇಳಿಸಿಕೊಂಡಿದ್ದಳು. ಬೆಳಿಗ್ಗೆ ಗುಡ್ಡದ ದಾರಿಯಲ್ಲಿ ನನಗಾಗಿ ಕೂತಿದ್ದಳು.

"ನೀನೇ ಕಿತ್ತುಕೊಡು ದೊಡ್ಡವ್ವ," ಎಂದೆ.

"ನಾನ್ಯಾಕೆ ಕೀಳ್ಲಿ? ನಿನ್ನ ಗಂಡನ ಜೊತೆ ಬಾಳ್ವೇನೂ ನಾನೇ ಮಾಡ್ಲೇನು?"

ಎರಡು ಎಲೆ ಕಿತ್ತು ನನ್ನ ಅಂಗೈಗೆ ಇಟ್ಟಳು. "ಚಿವುಟು. ಹಾಲು ಬಂತಾ? ಕವಳೆ. ಈಗ ಇದನ್ನ ಚಿವುಟು. ಏನೈತೆ? ಏನೂ ಇಲ್ಲ. ಕಾರೆ."

ಆಮೇಲೆ ಒಂದೊಂದೇ ತೋರಿಸಿದಳು. ಕವಳೆ ಎಲೆ ದಪ್ಪ, ಎಣ್ಣೆ ಸವರಿದ ಹಾಗೆ ಮಿನುಗುತ್ತದೆ. ಕಾರೆಯದು ತೆಳು, ಚಿಕ್ಕದು, ಗೆಣ್ಣಿನಲ್ಲಿ ಗುಂಪಾಗಿ ಕೂರುತ್ತದೆ. ಮುಳ್ಳು ಎರಡಕ್ಕೂ ಜೋಡಿ. ಆದರೆ ಕವಳೆಯಲ್ಲಿ ಕೆಲವು ಕವಲೊಡೆದಿರುತ್ತವೆ, ಕಾರೆಯದು ದಬ್ಬಳದ ಹಾಗೆ ನೇರ. ಕವಳೆ ಹೂವು ಬಿಳಿ, ಮಲ್ಲಿಗೆಯಂಥ ಘಮ. ಕಾರೆ ಹೂವು ಬಿಟ್ಟದ್ದೇ ಗೊತ್ತಾಗುವುದಿಲ್ಲ. ಹಣ್ಣಾದ ಮೇಲೆ ಯಾರೂ ಮೋಸಹೋಗುವುದಿಲ್ಲ. ಕವಳೆ ಕಪ್ಪು, ಕಾರೆ ಹಳದಿ. ತಪ್ಪುವುದು ಕಾಯಿಯಲ್ಲೇ. ಕಾರೆಕಾಯಿಗೆ ನಡುವೆ ಸಣ್ಣ ಗೀರು, ಒಳಗೆ ಗಟ್ಟಿ ಬೀಜ ಎರಡು.

"ಹಂಗಾದ್ರೆ ಕಾರೆ ಕೆಟ್ಟದ್ದಾ?"

"ಗಿಡದಾಗೆ ಕೆಟ್ಟದ್ದೇನೈತೆ? ಸೊಪ್ಪು ಬೇಯ್ಸಿ ತಿನ್ನು, ಮುಳ್ಳು ಬೇಲಿಗೆ ಹಾಕು. ಕವಳೆ ಮಾತ್ರ ಕಡೀಬ್ಯಾಡ. ಕಾಯಿ ಕೊಡೋ ಗಿಡಾನ ಕಡ್ದು ನಾಯಿಗೆ ಅಡ್ಡ ಹಾಕ್ತಾರೇನು?"

ಒಂದೊಂದು ಕಾಯಿಯ ತೊಟ್ಟನ್ನೂ ಚಿವುಟಿ ನೋಡಿ ಬುಟ್ಟಿಗೆ ಹಾಕಿದೆ. ಮಧ್ಯಾಹ್ನವಾಯಿತು. ದೊಡ್ಡವ್ವ ಬುಟ್ಟಿ ನೋಡಲಿಲ್ಲ. ನನ್ನ ಉಗುರು ಹಿಡಿದು ನೋಡಿದಳು.

"ಅಂಟೈತೆ. ಹೋಗು."

ಅತ್ತೆ ಕಾಯಿಯನ್ನೆಲ್ಲ ಮೊರಕ್ಕೆ ಸುರಿದು ಮಾವನ ಕೈಲಿ ಹೆಕ್ಕಿಸಿದಳು. ಒಂದೂ ಕಾರೆ ಸಿಗಲಿಲ್ಲ. ಭೇಷ್ ಅನ್ನಲಿಲ್ಲ, ಉಪ್ಪು ತಾ ಅಂದಳು. ನಾನು ಉಳಿದೆ.

ಆ ಗಡಿಗೆಯನ್ನು ದೊಡ್ಡವ್ವ ಮುಟ್ಟುವ ಹಾಗಿರಲಿಲ್ಲ. ಪಿಂಜಾರರು ಮುಟ್ಟಿದ್ದನ್ನು ತಿನ್ನಬಾರದು, ನಮ್ಮ ಮನೆಯ ನಡತೆ ಹಾಗಿತ್ತು, ಸುಳ್ಳು ಯಾಕೆ ಹೇಳಲಿ. ಪ್ರತಿ ವರ್ಷ ಗೋಡೆಯ ಮೇಲಿಂದ ಒಂದು ಬಟ್ಟಲು ಕೊಡುತ್ತಿದ್ದೆ. ಪೂರಾ ತಿಂದು, "ಉಪ್ಪು ಜಾಸ್ತಿ," ಎನ್ನುತ್ತಿದ್ದಳು.

ಸ್ವಾತಂತ್ರ್ಯ ಬಂದ ಮರುವರ್ಷ ಚಳಿಗಾಲದಲ್ಲಿ ತೀರಿಕೊಂಡಳು. ಹಸಿ ಗೋರಿಯನ್ನು ನಾಯಿ, ನರಿ ಕೆದರದ ಹಾಗೆ ಮೇಲೆ ಮುಳ್ಳು ಹೊದಿಸುತ್ತಾರೆ. ಅದಕ್ಕೆಂದು ಅವರ ಮನೆಯ ಗಂಡಸರಿಬ್ಬರು ಮಚ್ಚು ಹಿಡಿದು ನಮ್ಮ ಹಿತ್ತಿಲ ಹಿಂದಿನ ಪೊದೆಗೆ ಬಂದರು. ಹೂವಿಲ್ಲ, ಕಾಯಿಯಿಲ್ಲ, ಎಲೆ ಮುಳ್ಳು ಅಷ್ಟೇ.

"ನಿಲ್ರಿ, ಅದು ಕವಳೆ," ಎಂದೆ.

"ಮುಳ್ಳು ಯಾವ್ದಾದ್ರೇನವ್ವಾ?"

ಎಲೆ ಚಿವುಟಿ ಹಾಲು ತೋರಿಸಿದೆ. "ಇದನ್ನ ಕಡಿದು ಹೊದಿಸಿದ್ರೆ ಆಕೆ ಎದ್ದು ಬಂದು ಬೈತಾಳೆ. ನಾಕು ಮಾರು ಆಚೆ ಕಾರೆ ಐತೆ. ಅದನ್ನ ಕಡೀರಿ."

ಕಾರೆಯನ್ನೇ ಕಡಿದು ಹೊತ್ತುಕೊಂಡು ಹೋದರು. ಮುಂದಿನ ಮಳೆಗೆ ಕವಳೆ ಎಂದಿನಂತೆ ಕಾಯಿ ಬಿಟ್ಟಿತು. ಆ ವರ್ಷ ಉಪ್ಪು ಸ್ವಲ್ಪ ಕಡಿಮೆ ಹಾಕಿದೆ.