ಕೊಳಕು ಚೆಂಡು ಮತ್ತು ಟವೆಲಕ್ಕ

ಬೆಳಗಿನ ಆರು ಗಂಟೆ. ಗಾಲ್ಫ್ ಮೈದಾನದ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿಲ್ಲ. ಚೀಲಗಳ ಕೋಣೆಯ ಬಾಗಿಲಲ್ಲಿ ಐವತ್ನಾಲ್ಕರ ಹೆಂಗಸೊಬ್ಬರು ಕುಕ್ಕರಗಾಲಲ್ಲಿ ಕೂತು ಕೋಲುಗಳನ್ನು ಎಣಿಸುತ್ತಿದ್ದಾರೆ. ಹದಿನಾಲ್ಕು. ಇನ್ನೊಮ್ಮೆ ಎಣಿಸುತ್ತಾರೆ. ಹದಿನಾಲ್ಕೇ. ಆಮೇಲೆ ಟವೆಲ್ಲಿನ ಅರ್ಧವನ್ನಷ್ಟೇ ನೀರಿಗದ್ದಿ, ಹಿಂಡಿ, ಎಡ ಹೆಗಲಿಗೆ ಹಾಕಿಕೊಳ್ಳುತ್ತಾರೆ. ಕೊನೆಯ ಕೆಲಸವೇ ವಿಚಿತ್ರ. ಜೇಬಿನಿಂದ ಹಳೆಯ ಚೆಂಡೊಂದನ್ನು ತೆಗೆದು, ನಲ್ಲಿಯ ಬುಡದ ಕೆಸರಿನಲ್ಲಿ ಚೆನ್ನಾಗಿ ಹೊರಳಿಸಿ, ಮತ್ತೆ ಜೇಬಿಗೇ ಇಳಿಸುತ್ತಾರೆ.

ಮಾಲಿಯಿಂದ ಕಾರ್ಯದರ್ಶಿಯವರೆಗೆ ಎಲ್ಲರಿಗೂ ಅವರು ಟವೆಲಕ್ಕ. ಆಡುವವರ ಚೀಲ ಹೊತ್ತು ಜೊತೆಗೆ ನಡೆಯುವ ಕ್ಯಾಡಿ. ಚೀಲದ ತೂಕ ಹದಿಮೂರು ಕಿಲೋ, ಒಂದು ಸುತ್ತಿಗೆ ಎಂಟು ಕಿಲೋಮೀಟರು. ಇಪ್ಪತ್ತೆರಡು ವರ್ಷಗಳಿಂದ ಹೀಗೆ ನಡೆದ ಮಂಡಿಗಳು ಈಗೀಗ ಮೆಟ್ಟಿಲು ಕಂಡರೆ ಗೊಣಗುತ್ತವೆ. ಇದೇ ಮೈದಾನದಲ್ಲಿ ಹುಲ್ಲು ಕತ್ತರಿಸುತ್ತಿದ್ದ ಗಂಡ ಬೆನ್ನಿಗೆ ಪೆಟ್ಟು ಮಾಡಿಕೊಂಡಾಗ ಇವರು ಚೀಲ ಹೊರಲು ಬಂದರಂತೆ. ಹೆಂಗಸು ಎಷ್ಟು ದೂರ ಹೊತ್ತಾಳು ಎಂದು ನಕ್ಕವರಿದ್ದರು. ನಕ್ಕವರಲ್ಲಿ ಮೂವರು ಈಗ ಇವರೇ ಬೇಕೆಂದು ವಾರ ಮೊದಲೇ ಹೇಳಿಟ್ಟುಕೊಳ್ಳುತ್ತಾರೆ.

ಬೇಕಾಗಿರುವುದು ಬರೀ ಹೆಗಲಲ್ಲ. ಗಾಲ್ಫ್ ಎಂಬ ಆಟಕ್ಕೆ ಸಭ್ಯರನ್ನು ಕೆಡಿಸುವ ಗುಣವಿದೆ. ಮನೆಯಲ್ಲಿ ಬೆಕ್ಕಿಗೂ ಗದರದವರು ಇಲ್ಲಿ ಒಂದು ಚೆಂಡು ಮರಳುಗುಂಡಿಗೆ ಬಿದ್ದರೆ ಕೋಲನ್ನೇ ಬೀಸಿ ಒಗೆಯುತ್ತಾರೆ, ಜೊತೆಯಲ್ಲಿ ಆಡುವವರ ಮೇಲೆ ಹರಿಹಾಯುತ್ತಾರೆ. ಆಗ ಟವೆಲಕ್ಕ ಉಪದೇಶ ಮಾಡುವುದಿಲ್ಲ. ಕೊಳಕು ಚೆಂಡನ್ನೂ ಟವೆಲ್ಲನ್ನೂ ಮುಂದೆ ಹಿಡಿಯುತ್ತಾರೆ. “ಇದೊಂಚೂರು ಒರೆಸ್ಕೊಡಿ ಸರ್, ನನ್ನ ಕೈ ಖಾಲಿ ಇಲ್ಲ” ಎನ್ನುತ್ತಾರೆ. ಚೆಂಡಿನ ಮೈತುಂಬಾ ಸಣ್ಣ ಸಣ್ಣ ಗುಳಿಗಳು. ಅಲ್ಲಿನ ಮಣ್ಣು ಬಿಡಿಸಲು ಉಗುರು ಹಾಕಬೇಕು, ಕಣ್ಣು ನೆಡಬೇಕು. ಅಷ್ಟರಲ್ಲಿ ಅರ್ಧ ಸಿಟ್ಟು ಟವೆಲ್ಲಿಗೆ ಹತ್ತಿರುತ್ತದೆ.

“ಇದನ್ನ ನಮ್ಮತ್ತೆ ಹತ್ರ ಕಲಿತದ್ದು” ಎಂದು ನಗುತ್ತಾರೆ. “ಅವರಿಗೆ ಮೂಗಿನ ತುದೀಲೇ ಸಿಟ್ಟು. ಬೈಯೋಕೆ ಶುರು ಮಾಡಿದ ತಕ್ಷಣ ಮುಂದೆ ಬೆಳ್ಳುಳ್ಳಿ ತಟ್ಟೆ ಇಡ್ತಿದ್ದೆ, ಸ್ವಲ್ಪ ಸುಲಿದುಕೊಡಿ ಅತ್ತೆ ಅಂತ. ಕೈಗೆ ಕೆಲಸ ಸಿಕ್ಕರೆ ಬಾಯಿ ತಾನಾಗೇ ಸುಮ್ಮನಾಗುತ್ತೆ. ಮೂವತ್ತು ವರ್ಷದಿಂದ ನಮ್ಮನೇಲಿ ಬೆಳ್ಳುಳ್ಳಿಗೆ ಬರ ಇಲ್ಲ.”

ಆದರೆ ಈ ಶನಿವಾರ ಅವರ ಮುಖದಲ್ಲಿ ನಗು ಕಡಿಮೆ. ಹಲ್ಲಿನ ಡಾಕ್ಟರು ಮತ್ತು ಲೆಕ್ಕದ ಮೇಷ್ಟ್ರು ಹತ್ತೊಂಬತ್ತು ವರ್ಷಗಳಿಂದ ಶನಿವಾರದ ಜೋಡಿ. ಡಾಕ್ಟರ ಬಾಯಿಗೆ ಹೆದರಿ ನಾಲ್ವರು ಬಿಟ್ಟುಹೋದ ಮೇಲೂ ಉಳಿದವರು ಮೇಷ್ಟ್ರೊಬ್ಬರೇ. ಕಳೆದ ವಾರ ಡಾಕ್ಟರು, ತಾವು ಹೊಡೆಯುವಾಗಲೇ ಮೇಷ್ಟ್ರು ಬೇಕೆಂದೇ ಕೆಮ್ಮಿದರೆಂದು ಕೂಗಾಡಿದ್ದರು; ಅವರು ಎಸೆದ ಕೋಲು ಮರದಲ್ಲಿ ಸಿಕ್ಕಿಕೊಂಡಿತ್ತು. ಮೇಷ್ಟ್ರು ತಣ್ಣಗೆ ಹೇಳಿದ್ದರು: “ಬರೋ ವಾರ ಒಂದೇ ಒಂದು ಸಲ ಕೂಗಿದ್ರೂ ನಮ್ಮ ಆಟ ಮುಗೀತು, ಡಾಕ್ಟ್ರೇ.” ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಟವೆಲಕ್ಕನಿಗೆ ಆ ವಾರವಿಡೀ ಅದೇ ಚಿಂತೆ.

ಚೆಂಡನ್ನು ಒಂದೊಂದಾಗಿ ಹದಿನೆಂಟು ಕುಳಿಗಳಿಗೆ ಬೀಳಿಸುವ ಆಟದಲ್ಲಿ ಹದಿನಾರು ಕುಳಿಗಳವರೆಗೆ ದೇವರು ದೊಡ್ಡವನು. ಡಾಕ್ಟರು ಎರಡು ಸಲ ಹಲ್ಲು ಕಡಿಯುತ್ತಾರೆ, ಕೂಗುವುದಿಲ್ಲ. ತಮ್ಮ ಚೀಲವನ್ನು ಚಕ್ರದ ಗಾಡಿಯಲ್ಲಿ ತಾವೇ ಎಳೆಯುವ ಮೇಷ್ಟ್ರು ಕೆಮ್ಮು ಬಂದಾಗಲೆಲ್ಲ ಇಪ್ಪತ್ತು ಹೆಜ್ಜೆ ದೂರ ಹೋಗಿ ಕೆಮ್ಮಿ ಬರುತ್ತಾರೆ. ಇಬ್ಬರ ಮುಖ ನೋಡುವುದರಲ್ಲೇ ಮುಳುಗಿದ ಟವೆಲಕ್ಕ ಮಾತ್ರ ಒಂದು ಕೆಲಸ ಮರೆಯುತ್ತಾರೆ: ಎಣಿಕೆ.

ಹದಿನೇಳನೆಯ ಕುಳಿ. ಡಾಕ್ಟರ ಚೆಂಡು ಕುಳಿಯಿಂದ ಮೂರೇ ಅಡಿ ದೂರ. ಈ ವರ್ಷದ ಅವರ ಅತ್ಯುತ್ತಮ ಆಟ. ಮೆಲ್ಲಗೆ ತಟ್ಟುವ ಗಿಡ್ಡ ಕೋಲಿಗೆ ಅವರು ಕೈ ಚಾಚುತ್ತಾರೆ. ಟವೆಲಕ್ಕ ತಾವು ಹೊತ್ತ ಡಾಕ್ಟರ ಚೀಲಕ್ಕೆ ಕೈ ಹಾಕುತ್ತಾರೆ. ಕೋಲಿಲ್ಲ. ಅದು ಹದಿನಾರನೆಯ ಕುಳಿಯ ಪಕ್ಕದ ಹುಲ್ಲಿನಲ್ಲಿ ಹಾಯಾಗಿ ಮಲಗಿದೆ, ಹೋಗಿ ಬರಲು ಎಂಟುನೂರು ಹೆಜ್ಜೆ. ಮೇಷ್ಟ್ರ ಕೋಲನ್ನು ಕಡ ಪಡೆಯಲು ಆಟದ ನಿಯಮ ಬಿಡುವುದಿಲ್ಲ. ಹಿಂದಿನ ಗುಂಪಿನವರು ಸೊಂಟಕ್ಕೆ ಕೈ ಕೊಟ್ಟು ಕಾಯುತ್ತಿದ್ದಾರೆ. ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ ಎನ್ನಬಹುದು, ಆದರೆ ಇಪ್ಪತ್ತೆರಡು ವರ್ಷ ಎಡವದವರು ಎಡವಲು ಇದೇ ದಿನ ಬೇಕಿತ್ತೇ?

ಡಾಕ್ಟರ ಕಿವಿ ಕೆಂಪಾಗುತ್ತದೆ. ಬಾಯಿ ತೆರೆಯುತ್ತದೆ. ಮೇಷ್ಟ್ರು ಗಾಡಿಯ ಹಿಡಿಗೆ ಕೈ ಹಾಕಿ ಹೊರಡಲು ಸಿದ್ಧರಾಗುತ್ತಾರೆ. ಟವೆಲಕ್ಕನ ಕೈ ಜೇಬಿನತ್ತ ಹೋಗಿ ಅಲ್ಲೇ ನಿಲ್ಲುತ್ತದೆ. ತನ್ನದೇ ತಪ್ಪಿಗೆ ಬಂದ ಸಿಟ್ಟಿಗೆ ತಾನೇ ಟವೆಲ್ ಕೊಡುವುದು ಯಾವ ಮುಖದಿಂದ?

“ಅಕ್ಕ” ಎನ್ನುತ್ತಾರೆ ಡಾಕ್ಟರು, ದನಿ ತಗ್ಗಿಸಿ. “ಆ ಕೊಳಕು ಚೆಂಡು ಕೊಡಿ ಇಲ್ಲಿ. ಟವೆಲ್ಲೂ ಕೊಡಿ. ನೀವು ನಿಧಾನಕ್ಕೆ ಹೋಗಿ ಬನ್ನಿ.”

ಅಕ್ಕ ಅಚ್ಚರಿಯಿಂದ ಎರಡನ್ನೂ ಅವರ ಕೈಗಿಡುತ್ತಾರೆ.

“ಪ್ರತಿ ಶನಿವಾರ ಬೆಳಿಗ್ಗೆ ನಲ್ಲಿ ಹತ್ರ ನೀವೇ ಅದಕ್ಕೆ ಮಣ್ಣು ಹಚ್ಚೋದು ನಂಗೆ ಗೊತ್ತಿಲ್ವಾ? ಎಂಟು ವರ್ಷದಿಂದ ನೋಡ್ತಿದ್ದೀನಿ” ಎನ್ನುತ್ತಾ ಡಾಕ್ಟರು ಹುಲ್ಲಿನ ಮೇಲೆ ಕೂತು, ಹಲ್ಲು ಉಜ್ಜುವಷ್ಟೇ ಶ್ರದ್ಧೆಯಿಂದ ಚೆಂಡು ಉಜ್ಜತೊಡಗುತ್ತಾರೆ. ಮೇಷ್ಟ್ರು ಗಾಡಿ ಬಿಟ್ಟು ಹತ್ತಿರ ಬಂದು ಬಗ್ಗಿ ನೋಡುತ್ತಾರೆ. “ಇಲ್ಲೊಂದು ಗುಳಿ ಬಿಟ್ಟಿದ್ದೀರಿ, ಡಾಕ್ಟ್ರೇ.” ಇಬ್ಬರೂ ನಗುವ ಸದ್ದು ಕೋಲು ತರಲು ಓಡುತ್ತಿರುವ ಟವೆಲಕ್ಕನಿಗೆ ಹದಿನಾರನೆಯ ಕುಳಿಯವರೆಗೂ ಕೇಳಿಸುತ್ತದೆ. ಮಂಡಿ ಗೊಣಗುವುದನ್ನು ಮರೆತಿದೆ, ಅವರಿಗೆ ಕುಣಿಯುವಷ್ಟು ಖುಷಿಯಾಗಿದೆ.

ಮೂರಡಿಯ ಆ ಹೊಡೆತದಲ್ಲಿ ಡಾಕ್ಟರು ಗುರಿ ತಪ್ಪುತ್ತಾರೆ, ಅದು ಬೇರೆ ಮಾತು. ಹೋಗುವಾಗ ಮೇಷ್ಟ್ರು ಹೇಳುವುದು ಇಷ್ಟೇ: “ಬರೋ ಶನಿವಾರ ಆರೂವರೆಗೆ, ಅಕ್ಕ. ಇಬ್ರೂ ಬರ್ತೀವಿ.”

ಚೀಲಗಳ ಕೋಣೆಯಲ್ಲಿ ಅವರು ಕೋಲುಗಳನ್ನು ಮೂರು ಸಲ ಎಣಿಸುತ್ತಾರೆ. ಡಾಕ್ಟರು ಬೆಳ್ಳಗೆ ಮಾಡಿಕೊಟ್ಟ ಚೆಂಡನ್ನು ಅಂಗೈಯಲ್ಲಿ ಹೊರಳಿಸುತ್ತಾರೆ. ಇನ್ನು ಅದಕ್ಕೆ ಮಣ್ಣು ಹಚ್ಚುವುದಿಲ್ಲವೇ ಎಂದರೆ, “ಹಚ್ಚದೆ? ಬಾಯಿಬಿಟ್ಟು ಕೇಳಿ ತಗೊಂಡಿದ್ದಾರೆ, ಇನ್ನೂ ಚೆನ್ನಾಗೇ ಹಚ್ಬೇಕು” ಎನ್ನುತ್ತಾರೆ.

ಮತ್ತೆ ಏನೋ ಹೊಳೆದವರಂತೆ ಚೆಂಡು ಹೊರಳಿಸುವುದನ್ನು ನಿಲ್ಲಿಸುತ್ತಾರೆ. “ಹಾಗಾದ್ರೆ ನಮ್ಮತ್ತೆಗೂ ಎಲ್ಲಾ ಗೊತ್ತಿದ್ದೇ ಸುಲೀತಿದ್ರೇನೋ. ಎಂಬತ್ತೊಂದಾಯ್ತು ಅವರಿಗೆ. ಇವತ್ತು ಹೋಗಿ ಕೇಳ್ಬೇಕು ಅಂತ ಆಸೆ.” ಕೇಳಿದರೆ ಬೈಯುವುದಿಲ್ಲವೇ ಎಂದರೆ ನಗುತ್ತಾರೆ.

“ಬೈತಾರೆ. ಬೈಲಿ ಬಿಡಿ, ಮನೇಲಿ ಬೆಳ್ಳುಳ್ಳಿ ಇದೆ.”