ಆಯುಧಪೂಜೆ ಮುಗಿಸಿ ಮಾತು ಬಿಟ್ಟ ಕಂಪ್ಯೂಟರ್‌ಗಳು

ಚಿಕ್ಕಬಾಣಾವರದ ಪಾಪಯ್ಯನವರ ಮಗಳು ಮಂಜುಶ್ರೀ ಪೀಣ್ಯ ಎರಡನೇ ಹಂತದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಳು. ಬರುತ್ತಿದ್ದವರು ಯಾರು ಅಂತೀರಿ? ಕೀಬೋರ್ಡಿನ ಮೇಲೆ ಕಾಫಿ ಚೆಲ್ಲಿಕೊಂಡವರು, ಮೊಬೈಲಿಗೆ ಹಾಡು ತುಂಬಿಸಿಕೊಳ್ಳುವವರು. ಸುತ್ತ ಅಷ್ಟೊಂದು ಕಾರ್ಖಾನೆಗಳಿದ್ದರೂ ಒಬ್ಬ ಪುಣ್ಯಾತ್ಮನೂ ಅವಳನ್ನು ಶೆಡ್ಡಿನೊಳಗೆ ಕರೆದಿರಲಿಲ್ಲ. ಹೆಣ್ಣುಮಗಳು, ಎಣ್ಣೆ ಗ್ರೀಸಿನ ನಡುವೆ ಏನು ಮಾಡಿಯಾಳು ಎಂಬ ಅಸಡ್ಡೆ.

“ದೀಪಾವಳಿಗಂಟ ನೋಡವ್ವ. ಆಗ್ನಿಲ್ಲ ಅಂದ್ರೆ ಬೀಗ ಆಕ್ಬುಟ್ಟು ನಂಜಪ್ಪನ ಆಫೀಸ್ನಾಗೆ ಕುಂತ್ಕೊ,” ಎಂದು ಪಾಪಯ್ಯ ಕಡ್ಡಿ ಮುರಿದಂತೆ ಹೇಳಿದ್ದರು. ಸೈಟು ಮಾರುವ ನಂಜಪ್ಪ ಅವರ ಹಳೆಯ ಗೆಳೆಯ. ಮಂಜುಶ್ರೀ ಹೂಂ ಅಂದಿದ್ದಳು. ಕೊಟ್ಟ ಮಾತಿಗೆ ತಪ್ಪುವವಳಲ್ಲ, ಆದರೆ ಅಂಗಡಿ ಮುಚ್ಚಲು ಅವಳಿಗೆ ಸುತರಾಂ ಮನಸ್ಸಿರಲಿಲ್ಲ.

ಆಯುಧಪೂಜೆಯೂ ವಿಜಯದಶಮಿಯೂ ಮುಗಿದು ಶೆಡ್ಡುಗಳು ಬಾಗಿಲು ತೆರೆದ ಬೆಳಿಗ್ಗೆ ಪಂಚಾಕ್ಷರಿ ಅಂಗಡಿಗೆ ಓಡಿಬಂದರು. ದಾವಣಗೆರೆ ಕಡೆಯವರು. ಹಿಂದಿನ ರಸ್ತೆಯಲ್ಲಿ ಪಂಪಿನ ಬಿಡಿಭಾಗ ತಯಾರಿಸುವ ಕಾರ್ಖಾನೆ ಅವರದು. ಕಂಪ್ಯೂಟರಿನಿಂದ ಕೇಬಲ್ ಮೂಲಕ ಅಪ್ಪಣೆ ಹೋದರೆ ಮಾತ್ರ ಅವರ ಯಂತ್ರ ಕಬ್ಬಿಣ ಮುಟ್ಟುವುದು. ಅವತ್ತು ಅಪ್ಪಣೆಯೇ ಹೋಗುತ್ತಿರಲಿಲ್ಲ.

“ನಮ್ಮ ಸರ್ವಿಸ್‌ನವ ಹಬ್ಬಕ್ಕೆ ಊರಿಗೆ ಹೋದವ ಫೋನೇ ಎತ್ತವಲ್ಲ. ಸಂಜಿ ಲಾರಿಗೆ ಮಾಲು ಹೋಗ್ಲಿಕ್ಕೇ ಬೇಕು. ನಿನ್ ಕೈಲಿ ಆಗ್ತದೇನವ್ವಾ?” ಅಂದರು.

“ನೋಡ್ದೆ ಹೇಗೆ ಹೇಳ್ಲಿ ಸಾರ್, ನಡೀರಿ,” ಎಂದು ಮಂಜುಶ್ರೀ ಚೀಲ ಹೆಗಲಿಗೆ ಹಾಕಿಕೊಂಡಳು.

ಶೆಡ್ಡಿನ ಬಾಗಿಲಿಗೆ ಬಾಳೆಕಂಬ, ಹೊಸ್ತಿಲಲ್ಲಿ ಒಡೆದ ಬೂದುಗುಂಬಳ. ಕಂಪ್ಯೂಟರಿಗೂ ವಿಭೂತಿ ಬಳಿದು ಚೆಂಡುಹೂವಿನ ಹಾರ ಹಾಕಿದ್ದರು. ರಾಹುಕಾಲದಲ್ಲಿ ಕುಂಬಳಕಾಯಿ ಒಡೆದದ್ದೇ ಕೆಟ್ಟಿತು ಅಂತ ಒಬ್ಬ, ಇಲಿ ಕಡಿದಿದೆ ಅಂತ ಇನ್ನೊಬ್ಬ. ಬಾಯಿಗೆ ಬಂದದ್ದೇ ಶಾಸ್ತ್ರ. ಫೋರ್‌ಮನ್ ಮುರಿಗೆಪ್ಪ ಕೇಬಲ್ ಬದಲಾಯಿಸಿ ನೋಡಿ ಸೋತು ಕುಳಿತಿದ್ದ.

“ಹಬ್ಬಕ್ಕೆ ಮುಂಚೆ ಇದನ್ನ ಯಾವಾಗ ಆಫ್ ಮಾಡಿದ್ರಿ ಅಣ್ಣ?” ಎಂದು ಮಂಜುಶ್ರೀ ಅವನನ್ನು ಕೇಳಿದಳು.

“ಇದನ್ಯಾಕೆ ಆಫ್ ಮಾಡ್ಲಿ ಮೇಡಂ? ವರ್ಷಕ್ಕೊಂದ್ಸಲ, ಪೂಜೆಗೆ.”

“ಅಪ್‌ಡೇಟ್ ಮಾಡ್ಲಾ ಅಂತ ಅದು ಕೇಳಿದ್ರೆ?”

“ಆಮೇಲೆ ಅಂತ ಒತ್ತೋದು. ಕೆಲ್ಸದ ಮಧ್ಯ ಯಾರಿಗ್ ಬೇಕು ಅದರ ಕಾಟ.”

ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ವರ್ಷವಿಡೀ ಆಮೇಲೆ, ಆಮೇಲೆ ಎಂದು ತಳ್ಳಿದ್ದನ್ನೆಲ್ಲ ಆ ಕಂಪ್ಯೂಟರು ಪೂಜೆಗೆಂದು ಆಫ್ ಮಾಡಿದ ಗಳಿಗೆಯಲ್ಲಿ ಒಂದೇ ಬಾರಿಗೆ ನುಂಗಿತ್ತು. ಕಂಪ್ಯೂಟರಿನ ಮಾತನ್ನು ಕೇಬಲ್ಲಿಗೆ ದಾಟಿಸಲು ಡ್ರೈವರ್ ಎಂಬ ಸಣ್ಣ ಸಾಫ್ಟ್‌ವೇರ್ ಇರುತ್ತದೆ. ಅಪ್‌ಡೇಟು ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿತ್ತು. ಹೊಸದಕ್ಕೆ ಈ ಹಳೇ ಕೇಬಲ್ಲಿನ ಗುರುತೇ ಇಲ್ಲ.

ಮಂಜುಶ್ರೀ ತನ್ನ ಪೆನ್‌ಡ್ರೈವಿನಲ್ಲಿದ್ದ ಹಳೆಯ ಡ್ರೈವರನ್ನು ಹಾಕಿದಳು. ಯಂತ್ರ ಗುಂಯ್ ಎಂದು ತಿರುಗಿತು. ಪಂಚಾಕ್ಷರಿ “ಶಿವಾ” ಎಂದು ಉಸಿರು ಬಿಟ್ಟರು. ಒಂದು ಬಿಡಿಭಾಗ ಮುಗಿದು ಎರಡನೆಯದಕ್ಕೆ ಹೋಗುವಷ್ಟರಲ್ಲಿ ಯಂತ್ರ ಮತ್ತೆ ನಿಂತುಹೋಯಿತು.

ಮಂಜುಶ್ರೀ ಮತ್ತೆ ಕೀಬೋರ್ಡಿಗೆ ಕೈ ಹಾಕಿದಳು. ಸೋತರೆ ಇನ್ನು ಈ ರಸ್ತೆಯಲ್ಲಿ ಯಾರೂ ಕರೆಯುವುದಿಲ್ಲ, ಅಂಗಡಿಯ ಕಥೆಯೂ ಇಲ್ಲಿಗೇ ಮುಗಿಯಿತು. ಪರದೆ ನೋಡಿದರೆ ಅದೇ ಹಾಳು ಹೊಸ ಡ್ರೈವರು ಬಂದು ಕೂತಿದೆ! ಎಲ್ಲಿಂದ ಬಂತು? ಮೇಜಿನ ಕೆಳಗೆ ಬಗ್ಗಿದಳು. ಇಂಟರ್‌ನೆಟ್ ವೈರು ಹಾಗೆಯೇ ಸಿಕ್ಕಿಸಿಕೊಂಡಿತ್ತು. ತೆಗೆದದ್ದನ್ನು ಅಪ್‌ಡೇಟು ಮತ್ತೆ ತಾನಾಗಿಯೇ ಇಳಿಸಿಕೊಂಡಿತ್ತು. ಅವಳಿಗೆ ರೇಗಿಹೋಯಿತು. ವೈರು ಕಿತ್ತಳು, ಹೊಸದನ್ನು ಬೇರುಸಹಿತ ತೆಗೆದಳು, ಹಳೆಯದನ್ನು ಕೂರಿಸಿ, ಇನ್ನು ಮುಂದೆ ಇದನ್ನು ಮುಟ್ಟಕೂಡದು ಎಂದು ಕಂಪ್ಯೂಟರಿಗೆ ಕಟ್ಟುಹಾಕಿ, ಆಮೇಲೆ ವೈರು ಮತ್ತೆ ಸಿಕ್ಕಿಸಿದಳು. ಯಂತ್ರ ತಿರುಗತೊಡಗಿತು, ನಿಲ್ಲಲಿಲ್ಲ. ಆ ಭಾಗ ಮುಗಿದ ಕೂಡಲೇ ಅವಳ ಕೈ ಸ್ವಿಚ್ಚಿಗೆ ಹೋಯಿತು.

“ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀನಿ.”

“ಬ್ಯಾಡವ್ವಾ, ನಿನಗ ಕೈ ಮುಗೀತೀನಿ, ನಡ್ಯಾಕತ್ತೈತಲ್ಲ,” ಎಂದು ಪಂಚಾಕ್ಷರಿ ತಡೆದರು.

“ನಾಳೆ ಕರೆಂಟ್ ಹೋದ್ರೆ ಮತ್ತೆ ಕೆಡ್ಬಾರ್ದಲ್ಲ ಸಾರ್,” ಎಂದು ಆರಿಸಿಯೇಬಿಟ್ಟಳು. ಕಂಪ್ಯೂಟರು ಎದ್ದಿತು. ಅಪ್ಪಣೆ ಹೋಯಿತು. ಯಂತ್ರ ಕಬ್ಬಿಣ ಮುಟ್ಟಿತು. ಮುರಿಗೆಪ್ಪ ಎದ್ದು ಕುರ್ಚಿ ಒರೆಸಿ, “ಕೂತ್ಕೊಳಿ ಮೇಡಂ,” ಅಂದ.

ಕೂರುವುದೆಲ್ಲಿ ಬಂತು? ಪಕ್ಕದ ಶೆಡ್ಡಿನ ಚಿನ್ನಪ್ಪ ಬಾಗಿಲಲ್ಲೇ ನಿಂತಿದ್ದ. ಅವನದೂ ಅದೇ ರೋಗ. ಆಗಬೇಕಾದ್ದೇ ತಾನೆ? ಇಡೀ ರಸ್ತೆಯೇ ಆಮೇಲೆ ಎಂದು ಒತ್ತಿತ್ತು, ಇಡೀ ರಸ್ತೆಯೇ ಒಂದೇ ದಿನ ಪೂಜೆಗೆ ಆಫ್ ಮಾಡಿತ್ತು. ಸುದ್ದಿ ಹಬ್ಬಿ ಮಧ್ಯಾಹ್ನದ ಹೊತ್ತಿಗೆ ಮಂಜುಶ್ರೀ ಒಂದು ಶೆಡ್ಡಿನಿಂದ ಹೊರಬಂದರೆ ಎರಡು ಶೆಡ್ಡಿನವರು ಕಾದಿರುತ್ತಿದ್ದರು. ಖುಷಿಯಲ್ಲಿ ಅವಳಿಗೆ ಹಸಿವೇ ಮರೆತುಹೋಗಿತ್ತು.

ಮಗಳು ಫೋನ್ ಎತ್ತುತ್ತಿಲ್ಲವೆಂದು ಗಾಬರಿಯಾಗಿ ಪಾಪಯ್ಯ ಮೊಪೆಡ್ ಏರಿ ಬಂದರು. ಅಂಗಡಿಗೆ ಬೀಗ. ಕೇಳಿಕೊಂಡು ಹಿಂದಿನ ರಸ್ತೆಗೆ ಬಂದರೆ ಶೆಡ್ಡೊಂದರ ಮುಂದೆ ಗುಂಪು. ಒಳನುಗ್ಗಲು ಹೋದ ಪಾಪಯ್ಯನವರನ್ನು ಒಬ್ಬ ಮಾಲೀಕ ತಡೆದ.

“ಯಜಮಾನ್ರೇ, ನಾವು ಮೊದ್ಲು. ಮೇಡಂ ನಮ್ಮಲ್ಲಿ ಮುಗಿಸ್ಕೊಂಡು ಆಮೇಲೆ ನಿಮ್ಮಲ್ಲಿಗೆ.”

“ನಾನು ಅವ್ಳಪ್ಪ ಕಣಯ್ಯ.”

ಅವನ ದನಿಯೇ ಬದಲಾಯಿತು. ಸ್ಟೂಲು ತರಿಸಿ ಕೂರಿಸಿದ, ಟೀ ತರಿಸಿದ, ಮೆಲ್ಲಗೆ ಕಿವಿಯ ಹತ್ತಿರ ಬಗ್ಗಿದ. “ನೀವಾದ್ರೂ ಒಂದ್ಮಾತು ಹೇಳಿ, ನಮ್ಮಲ್ಲಿಗೆ ಬೇಗ ಬರ್ಲಿ.”

ಪಾಪಯ್ಯ ಟೀ ಊದಿ ಕುಡಿದರು. ಜನದ ನಡುವೆ ಬೆವರು ಒರೆಸಿಕೊಳ್ಳುತ್ತ ಹೊರಬಂದ ಮಗಳನ್ನು ಕಣ್ತುಂಬ ನೋಡಿದರು.

“ಅಂಗೆಲ್ಲಾ ಆಗಕಿಲ್ಲ. ಸರದಿ ಪ್ರಕಾರ ಬತ್ತಾಳೆ,” ಅಂದರು. ಆಮೇಲೆ ಅವಳ ಕಡೆ ತಿರುಗಿ, “ನೀನು ಓಗವ್ವ, ಕೆಲ್ಸ ನೋಡು. ನನ್ ಮಗ್ಳು ಬರಾಕಿಲ್ಲ ಅಂತ ನಂಜಪ್ಪಂಗೆ ನಾನೇ ಏಳ್ತೀನಿ.”