ಹೆಸರು ಇವಳದು, ಬೆರಳು ಇವಳದಲ್ಲ

ನಮ್ಮ ಟೈಪಿಂಗ್ ಮೇಷ್ಟ್ರ ಬೆರಳುಗಳು ಸುಮ್ಮನಿದ್ದುದನ್ನು ನಾನು ನೋಡಿದ್ದೇ ಇಲ್ಲ. ಬಸ್ಸಿನಲ್ಲಿ ಕೂತರೆ ತೊಡೆಯ ಮೇಲೆ, ಹೋಟೆಲಿಗೆ ಹೋದರೆ ಮೇಜಿನ ಅಂಚಿನಲ್ಲಿ, ಮನಸ್ಸಿಗೆ ಬಂದದ್ದನ್ನೆಲ್ಲ ಟೈಪ್ ಮಾಡುತ್ತಲೇ ಇರುತ್ತಿದ್ದವು.

ಆಲೂರಿನಲ್ಲಿದ್ದ ಅವರ ಇನ್‌ಸ್ಟಿಟ್ಯೂಟಿನಲ್ಲಿ ನಾನು ಕೀ ಹುಡುಕಲು ಬಗ್ಗಿದರೆ ಸಾಕು, ಹೆಗಲ ಟವಲ್ ತಂದು ನನ್ನ ಕೈಗಳ ಮೇಲೆ ಹೊದಿಸುವರು. "ನೋಡ್ಬೇಡ ಕಣವ್ವ, ಅವೇನ್ ಓಡೋಗಲ್ಲ!" ಫುಲ್‌ಸ್ಟಾಪ್ ಆದಮೇಲೆ ಸ್ಪೇಸ್ ಬಾರ್ ಎರಡು ಸಲ ಒತ್ತಿ ಎರಡು ಜಾಗ ಬಿಡಲೇಬೇಕು. "ಓದೋರ್ಗೆ ಉಸಿರಾಡೋಕೆ" ಎನ್ನುವರು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದರೂ ಅವರ ಟವಲ್ ಹೋಗಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆ ನಡೆಯುತ್ತಿದ್ದುದು ಹಾನುಬಾಳಿನ ಎಸ್ಟೇಟ್ ಆಫೀಸಿನಲ್ಲಿ ನನಗೆ ಸಿಕ್ಕಿದ್ದ ಕೆಲಸದಿಂದ. ಇಮೇಲ್ ಆಗಿನ್ನೂ ಹೊಸದು. ಒಂದು ದಿನ ನನ್ನ ವಿಳಾಸದಿಂದ ಎಸ್ಟೇಟಿನ ಸಾವ್ಕಾರರಿಗೆ ಒಂದು ಮೇಲ್ ಬಂತು. ಅದರ ತುಂಬ ಅವರಿಗೂ ಅವರ ಹೆಂಡತಿಗೂ ಬಾಯಿಗೆ ಬಂದಂತೆ ಬೈಗುಳ. ಯಾರ ಹೊಟ್ಟೆಕಿಚ್ಚೋ, ಇವತ್ತಿಗೂ ಗೊತ್ತಿಲ್ಲ. ನಾನು ಅತ್ತರೂ ಕೇಳದೆ ಸಾವ್ಕಾರರು ಮನೆಗೆ ಕಳಿಸಿಬಿಟ್ಟರು.

ಮರುದಿನವೇ ಮೇಷ್ಟ್ರು ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದರು.

"ಅಡ್ರೆಸ್ ಇವಳ್ದೇ ಐತಲ್ರೀ ಮೇಷ್ಟ್ರೇ" ಎಂದರು ಸಾವ್ಕಾರರು.

"ಕವರ್ ಹಿಂದೆ ಫ್ರಂ ಅಂತ ಯಾರ ಹೆಸ್ರು ಬೇಕಾದ್ರೂ ಬರೀಬೋದು. ಪೋಸ್ಟ್‌ನೋರು ಕೇಳ್ತಾರಾ? ಇದೂ ಹಂಗೇ" ಎಂದ ಮೇಷ್ಟ್ರು, ಅಪ್ಪಣೆ ಕೇಳಿ ಕಂಪ್ಯೂಟರ್ ಮುಂದೆ ಕೂತರು. ಸ್ವಲ್ಪ ಹೊತ್ತಿಗೆ ಸಾವ್ಕಾರರಿಗೆ ಮಗನ ವಿಳಾಸದಿಂದ ಮೇಲ್ ಬಂತು: 'ಅಪ್ಪಾ, ಹಾಸ್ಟೆಲಿನಲ್ಲಿ ಕ್ಷೇಮ.' ರಜಕ್ಕೆ ಬಂದಿದ್ದ ಆ ಮಗ ಎದುರಿಗೇ ಕೂತು ಅಕ್ಕಿರೊಟ್ಟಿ ತಿನ್ನುತ್ತಿದ್ದ!

ಸಾವ್ಕಾರರಿಗೆ ನಗು ಬಂತು, ಅನುಮಾನ ಹೋಗಲಿಲ್ಲ. "ಬೇರೆಯೋರು ಕಳಿಸ್ಬೋದು, ಸರಿ. ಇವಳೇ ಕಳಿಸಿಲ್ಲ ಅಂತ ಹೆಂಗ್ ಹೇಳ್ತೀರಿ?"

ಮೇಷ್ಟ್ರು ಆ ಬೈಗುಳದ ಮೇಲ್ ತೆರೆಸಿದರು. "ಫುಲ್‌ಸ್ಟಾಪ್ ಆದ್ಮೇಲೆ ಎಲ್ಲಾದ್ರೂ ಎರಡು ಜಾಗ ಐತಾ ನೋಡಿ. ಸಿಟ್ ಬಂದ್ರೂ, ನಿದ್ದೆಗಣ್ಣಲ್ಲಿದ್ರೂ ಈ ಹುಡುಗಿ ಆ ಜಾಗ ಬಿಡದೇ ಇರಲ್ಲ. ಹೆಸ್ರು ಇವಳ್ದು, ಬೆರಳು ಇವಳ್ದಲ್ಲ."

ಸಾವ್ಕಾರರು ನಾನು ಟೈಪ್ ಮಾಡಿದ್ದ ಹಳೆಯ ಕಾಗದಗಳನ್ನು ತೆಗೆಸಿ ನೋಡಿದರು. ಎಲ್ಲದರಲ್ಲೂ ಎರಡೆರಡು ಜಾಗ. "ನಾಳೆಯಿಂದ ಬಾರವ್ವ" ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಮೇಷ್ಟ್ರ ಬೆರಳುಗಳು ತೊಡೆಯ ಮೇಲೆ ಏನನ್ನೋ ಟೈಪ್ ಮಾಡುತ್ತಿದ್ದವು.

ಮೇಷ್ಟ್ರು ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಒಂದು ಬೆಳಿಗ್ಗೆ ಮೇಲ್ ತೆರೆದರೆ ಮೇಷ್ಟ್ರ ಹೆಸರು, ಮೇಷ್ಟ್ರ ವಿಳಾಸ. ಒಳಗಿದ್ದದ್ದು 'ಇಲ್ಲಿ ಒತ್ತಿ' ಎನ್ನುವ ಯಾವುದೋ ಕಳ್ಳ ಮೇಲ್. ಫುಲ್‌ಸ್ಟಾಪ್‌ಗಳ ನಂತರ ಒಂದೊಂದೇ ಜಾಗ.

ಬೆರಳು ಅವರದಲ್ಲ, ಗೊತ್ತು. ಆದರೂ ಅಳಿಸಲು ಕೈ ಬರಲಿಲ್ಲ. ಈಗಲೂ ಅದು ಹಾಗೇ ಇದೆ. ಮೇಷ್ಟ್ರು ನೆನಪಾದಾಗ ಹೋಗಿ, ತೆರೆಯದೆ, ಹೆಸರನ್ನಷ್ಟೇ ನೋಡಿ ಬರುತ್ತೇನೆ.